ಗುರುವಾರದ ಪಂಕ್ತಿ

ಹೋದ ತಿಂಗಳು ಇದೇ ಅಂಕಣದಲ್ಲಿ ಚೆನ್ನೈನಲ್ಲಿ ಮನೆ ಹುಡುಕಿದ ಪಾಡನ್ನು ಬರೆದಿದ್ದೆ. ಅದನ್ನು ಓದಿ, ಪುಣೆಯಲ್ಲಿರುವ ನನ್ನ ಧಾರವಾಡದ ಗೆಳೆಯ ಫೋನ್ ಮಾಡಿದ್ದ. “ಮನಿ ಸಿಕ್ಕಿದ್ದು ಖರೆ, ಮಂದಿ ಹೆಂಗ ಸಿಕ್ಕರು? ಅದನ್ನ ಬರಿ” ಅಂದ. ಯೋಚಿಸಿ ನೋಡಿದೆ. ಹದಿಮೂರು ವರ್ಷದಿಂದ ಈ ಊರಲ್ಲಿದ್ದೇನೆ. ನನಗೆ ಸಿಕ್ಕವರೆಲ್ಲ ಆಫೀಸಿನವರು. ಪ್ರಾಜೆಕ್ಟ್ ಮುಗಿದರೆ ಅವರೂ ಮುಗಿದರು. ನಿಜವಾಗಿ ಮಂದಿ ಸಿಕ್ಕಿದ್ದು ನಮ್ಮ ಅವ್ವನಿಗೆ. ಅದೂ ನಾಲ್ಕೇ ವರ್ಷದಲ್ಲಿ, ತಮಿಳಿನ ಒಂದಕ್ಷರ ಬಾರದೆ. ಹಾಗಾಗಿ ಈ ತಿಂಗಳು ಅವ್ವನ ಗುರುವಾರಗಳ ಕಥೆ.

ಕ್ರೋಂಪೇಟೆ ಗೊತ್ತಿಲ್ಲದವರಿಗೆ ಎರಡು ಮಾತು. ಬೀಚ್ ಸ್ಟೇಷನ್ನಿನಿಂದ ತಾಂಬರಂ ಕಡೆ ಬರುವ ಲೋಕಲ್ ರೈಲಿನಲ್ಲಿ ಪಲ್ಲಾವರಂ ದಾಟಿದರೆ ನಮ್ಮ ಸ್ಟೇಷನ್. ಕ್ರೋಮ್ ಹಾಕಿ ಚರ್ಮ ಹದ ಮಾಡುತ್ತಿದ್ದ ಹಳೆಯ ಕಂಪನಿಯಿಂದ ಊರಿಗೆ ಈ ಹೆಸರು ಬಂತು. ಅಬ್ದುಲ್ ಕಲಾಂ ಓದಿದ ಎಂಐಟಿ ಇಲ್ಲಿಯದೇ. ಕುಮರನ್ ಕುಂಡ್ರಂ ಗುಡ್ಡದ ಮೇಲೆ ಮುರುಗನ ಗುಡಿ, ಕೆಳಗೆ ಸದಾ ಗಿಜಿಗುಡುವ ಜಿಎಸ್‌ಟಿ ರಸ್ತೆ, ರಸ್ತೆಯುದ್ದಕ್ಕೂ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ. ಓಎಂಆರ್‌ನಲ್ಲಿರುವ ನನ್ನ ಆಫೀಸಿಗೆ ಪಲ್ಲಾವರಂ–ತೊರೈಪಾಕ್ಕಂ ರಸ್ತೆ ಹಿಡಿದು ಹೋಗುತ್ತೇನೆ. ಆ ರಸ್ತೆಯಲ್ಲಿ ಕಳೆದ ಆಯುಷ್ಯದ ಲೆಕ್ಕ ಇನ್ನೊಂದು ತಿಂಗಳಿಗಿರಲಿ.

ನಮ್ಮದು ರಾಯಚೂರು. ಅಪ್ಪ ಶಕ್ತಿನಗರದ ಥರ್ಮಲ್‌ನಲ್ಲಿ ಫಿಟ್ಟರ್ ಆಗಿದ್ದರು. ಅವ್ವನ ತವರು ಮಾನ್ವಿ ತಾಲೂಕಿನ ಒಂದು ಹಳ್ಳಿ. ನಾವು ಕುರುಬರು, ಮನೆದೇವರು ಬೀರಪ್ಪ. ಆದರೆ ರಾಯಚೂರು ಸೀಮೆಯಲ್ಲಿ ಹುಟ್ಟಿದವರಿಗೆ ಮಂತ್ರಾಲಯ ಪರಸ್ಥಳವಲ್ಲ. ತುಂಗಭದ್ರೆ ದಾಟಿದರೆ ರಾಯರು. ಅಪ್ಪನಿಗೆ ಥರ್ಮಲ್‌ನಲ್ಲಿ ಕೆಲಸ ಖಾಯಂ ಆದ ವಾರ ಇಬ್ಬರೂ ಮಂತ್ರಾಲಯಕ್ಕೆ ನಡೆದು ಹೋಗಿಬಂದಿದ್ದರಂತೆ. ಅಂದಿನಿಂದ ಅವ್ವ ಗುರುವಾರ ಒಪ್ಪತ್ತು ಮಾಡುತ್ತಾಳೆ.

ಅಪ್ಪ ತೀರಿಕೊಂಡ ಮೇಲೆ, 2021ರಲ್ಲಿ, ಅವ್ವನನ್ನು ಇಲ್ಲಿಗೆ ಕರೆತಂದೆ. ಮೊದಲ ಮೂರು ತಿಂಗಳು ನೆನೆಸಿಕೊಂಡರೆ ಈಗಲೂ ಕಸಿವಿಸಿ. ನಾನು ಬಾಗಿಲು ಹಾಕಿಕೊಂಡು ಕಾಲ್‌ಗಳಲ್ಲಿ, ಹೆಂಡತಿ ಅವಳ ಕೆಲಸದಲ್ಲಿ, ಮಗಳು ಆನ್‌ಲೈನ್ ಕ್ಲಾಸಿನಲ್ಲಿ. ಅವ್ವ ಬಾಲ್ಕನಿಯಲ್ಲಿ ಕೂತು ಕೆಳಗೆ ಹೋಗುವ ನೀರಿನ ಲಾರಿ ಎಣಿಸುತ್ತಿದ್ದಳು. ಒಂದಿನ ಊಟಕ್ಕೆ ಕೂತಾಗ ಕೇಳಿದಳು: “ನಾ ಯಾರ ಕೂಡ ಮಾತಾಡ್ಲಿ ಇಲ್ಲಿ? ಗ್ವಾಡಿ ಕೂಡ ಮಾತಾಡ್ಲೇನು?” ನನ್ನ ಹತ್ತಿರ ಉತ್ತರವಿರಲಿಲ್ಲ. ಟಿವಿಗೆ ಕನ್ನಡ ಚಾನೆಲ್‌ಗಳ ಪ್ಯಾಕ್ ಹಾಕಿಸಿಕೊಟ್ಟೆ. ಮಗನಾಗಿ ನನಗೆ ಹೊಳೆದದ್ದು ಅಷ್ಟೇ.

ಉತ್ತರ ಸಿಕ್ಕಿದ್ದು ಲಿಫ್ಟಿನಲ್ಲಿ. ಅವ್ವನಿಗೆ ಗುನುಗುವ ಚಾಳಿ. ನಮ್ಮ ಮೇಲಿನ ಮಹಡಿಯ ಮಾಮಿ ಅದನ್ನು ಕೇಳಿಸಿಕೊಂಡು, ಲಿಫ್ಟ್ ತಮ್ಮ ಮಹಡಿಗೆ ಬಂದರೂ ಇಳಿಯದೆ ನಿಂತರಂತೆ. ಅವ್ವ ಗುನುಗುತ್ತಿದ್ದುದು ಜಗನ್ನಾಥದಾಸರ ಪದ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನ್ವಿ ತಾಲೂಕಿನ ಬ್ಯಾಗವಟದವರು. ವಿಜಯದಾಸರು ಚೀಕಲಪರ್ವಿಯವರು, ಗೋಪಾಲದಾಸರು ಮೊಸರುಕಲ್ಲಿನವರು. ಎಲ್ಲ ನಮ್ಮ ರಾಯಚೂರು ಜಿಲ್ಲೆಯೇ. ಅವ್ವ ಇವನ್ನು ಪುಸ್ತಕದಿಂದ ಕಲಿತವಳಲ್ಲ. ಊರ ಹನುಮಪ್ಪನ ಗುಡಿಯಲ್ಲಿ ಗಂಡಸರು ಶನಿವಾರ ಭಜನೆ ಮಾಡುವಾಗ ಹೊರಗೆ ಕಟ್ಟೆಯ ಹತ್ತಿರ ನಿಂತು ಕೇಳಿ ಕಲಿತವಳು.

ಮಾಮಿ ಕುಂಭಕೋಣ ಕಡೆಯ ಮಾಧ್ವರು. ತಲೆಮಾರುಗಳಿಂದ ತಮಿಳುನಾಡಿನಲ್ಲೇ ಇದ್ದವರು. ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ಅರ್ಧಕ್ಕರ್ಧ ತಮಿಳು ಬೆರೆತದ್ದು. ಕನ್ನಡ ಓದಲು ಬರೆಯಲು ಬರುವುದಿಲ್ಲ. ಅವರದೊಂದು ಭಜನಾ ಮಂಡಳಿ ಇತ್ತು. ಹೆಸರಿಲ್ಲ, ರಸೀದಿ ಪುಸ್ತಕವಿಲ್ಲ. ಹನ್ನೆರಡು–ಹದಿನಾಲ್ಕು ಹೆಂಗಸರು ಗುರುವಾರ ಸಂಜೆ ಐದಕ್ಕೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಕೋವಿಡ್‌ನಿಂದ ನಿಂತಿದ್ದು ಆಗಷ್ಟೇ ಮತ್ತೆ ಶುರುವಾಗಿತ್ತು. ಮುಂದಿನ ಗುರುವಾರ ಮಾಮಿ ಬಂದು ಅವ್ವನ ಕೈಹಿಡಿದು ಕರೆದುಕೊಂಡು ಹೋದರು.

ಆ ಮಂಡಳಿಯ ಹಾಡಿನ ಪುಸ್ತಕಗಳನ್ನು ನೀವು ನೋಡಬೇಕು. ಹಾಡು ಕನ್ನಡ, ಲಿಪಿ ತಮಿಳು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರವಲ್ಲವೇ? ಅದಕ್ಕೊಂದು ಉಪಾಯವಿದೆ. ಅಕ್ಷರದ ಪಕ್ಕ ಪುಟ್ಟದಾಗಿ ಅಂಕಿ ಹಾಕುತ್ತಾರೆ. 2 ಇದ್ದರೆ ಖ, 3 ಇದ್ದರೆ ಗ, 4 ಇದ್ದರೆ ಘ. ಹಳೆಯ ನೋಟ್‌ಬುಕ್ಕುಗಳಲ್ಲಿ ಈ ಅಂಕಿಗಳು ಅಳಿಸಿಯೋ, ಕಾಪಿ ಮಾಡುವಾಗ ತಪ್ಪಿಯೋ ಹೋಗಿರುತ್ತವೆ. ಆಗ ಗೋಪಾಲ ಕೋಪಾಲನಾಗುತ್ತಾನೆ. ಅವ್ವ ಹೋದ ಎರಡನೇ ವಾರವೇ ಎಲ್ಲರೂ ಪೆನ್ಸಿಲ್ ಹಿಡಿದು ಅವಳ ಸುತ್ತ ಕೂತರು. “ಅವ್ವಾ, ಇದು ಒಂದೋ ಮೂರೋ?” ಅವ್ವ ಹಾಡಿ ತೋರಿಸುವುದು, ಅವರು ಅಂಕಿ ಹಾಕಿಕೊಳ್ಳುವುದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಮ್ಮ ಅವ್ವ ಕ್ರೋಂಪೇಟೆಯಲ್ಲಿ ಹದಿಮೂರು ಹೆಂಗಸರಿಗೆ ಟೀಚರ್ ಆದಳು. ಮಂಡಳಿಯಲ್ಲಿ ಅವಳ ಹೆಸರು ‘ರಾಯಚೂರು ಅವ್ವ’.

ತಮಿಳರ ಬಾಯಲ್ಲಿ ದಾಸರ ಪದ ಹೊಸತೇನಲ್ಲ. ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಸರಳೆ ವರಸೆ, ಪಿಳ್ಳಾರಿ ಗೀತೆಗಳಿಂದಲೇ ಶುರು ಮಾಡುವುದು. ಅವು ಪುರಂದರದಾಸರವೆಂದೇ ಸಂಪ್ರದಾಯ ನಂಬುತ್ತದೆ. ಮದರಾಸಿನ ಎಂ.ಎಲ್. ವಸಂತಕುಮಾರಿಯವರು ತಾಯಿ ಲಲಿತಾಂಗಿಯವರಿಂದ ಬಂದ ದೇವರನಾಮಗಳನ್ನು ಕಚೇರಿಗಳಲ್ಲಿ ಮನೆಮಾತಾಗಿಸಿದರು. ಇನ್ನು ರಾಯರಂತೂ ಮೂರು ರಾಜ್ಯದವರು. ಹುಟ್ಟಿದ್ದು ಚಿದಂಬರದ ಬಳಿಯ ಭುವನಗಿರಿಯಲ್ಲಿ, ವೆಂಕಟನಾಥನೆಂಬ ಹೆಸರಿನಿಂದ. ಓದಿದ್ದು ಕುಂಭಕೋಣದ ಮಠದಲ್ಲಿ ಸುಧೀಂದ್ರ ತೀರ್ಥರ ಬಳಿ. ಸನ್ಯಾಸ ತಂಜಾವೂರಿನಲ್ಲಿ. 1671ರಲ್ಲಿ ಬೃಂದಾವನ ಪ್ರವೇಶಿಸಿದ ಮಂತ್ರಾಲಯ ಈಗ ಆಂಧ್ರದಲ್ಲಿದೆ. ಅವರನ್ನು ‘ನಮ್ಮ ರಾಯರು’ ಅನ್ನಲು ತಮಿಳರಿಗೂ ತೆಲುಗರಿಗೂ ನಮಗೂ ಒಂದೊಂದು ಕಾರಣವಿದೆ.

ಇಲ್ಲಿ ನನಗೊಂದು ತಮಾಷೆ ಕಂಡಿತು. ಒಂದು ಗುರುವಾರ ಭಜನೆ ನಮ್ಮ ಮನೆಯಲ್ಲಿತ್ತು. ನಾನು ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಹಾಡು ಮುಗಿದು ಹರಟೆಗಿಳಿದಿದ್ದರು. ಸ್ಟೇಷನ್ ಹತ್ತಿರ ಹೂ ಮಾರುವ ಅಕ್ಕ ಒಬ್ಬರು ಈ ಮಂಡಳಿಗೆ ಬರುತ್ತಾರೆ. ಎಲ್ಲರೂ ಪೂಕ್ಕಾರಮ್ಮ ಅನ್ನುತ್ತಾರೆ. ಕಣ್ಣುಮುಚ್ಚಿದರೆ ರಾಯರು ಹೇಗೆ ಕಾಣುತ್ತಾರೆ ಅಂತ ಮಾತು ಬಂತು. ಪೂಕ್ಕಾರಮ್ಮ ನಾಚದೆ ಹೇಳಿದರು, ನನಗೆ ರಜನಿಯೇ ಕಾಣುವುದು ಅಂತ. 1985ರ ‘ಶ್ರೀ ರಾಘವೇಂದ್ರರ್’, ರಜನಿಯ ನೂರನೇ ಚಿತ್ರ. ಅವರಿಗೆ ರಾಯರ ಪರಿಚಯವಾದದ್ದೇ ಆ ಸಿನಿಮಾದಿಂದ. ಅವ್ವ ಬಿಡುತ್ತಾಳೆಯೇ? ಅವಳ ರಾಯರಿಗೆ 1966ರ ‘ಮಂತ್ರಾಲಯ ಮಹಾತ್ಮೆ’ಯ ರಾಜಕುಮಾರ್ ಮುಖ. ಮಾಮಿ ಇಬ್ಬರನ್ನೂ ಗದರಿ, ರಾಯರಿಗೆ ಮುಖವೇ ಬೇಡ, ಬೃಂದಾವನ ಸಾಕು ಅಂದರು. ವಿಜಯವಾಡ ಕಡೆಯ ಇನ್ನೊಬ್ಬರಿಗೆ ರಾಯರು ದೇವರಲ್ಲ, ಪ್ರಹ್ಲಾದನ ಅವತಾರ. ಪೂಕ್ಕಾರಮ್ಮನಿಗೆ ರಾಯರು, ಮುರುಗ, ವೇಳಾಂಕಣ್ಣಿ ಮಾತೆ ಎಲ್ಲರೂ ಒಂದೇ ಮನೆಯವರು. ದ್ವೈತ ಸಿದ್ಧಾಂತ ಏನನ್ನುತ್ತದೆ ಎಂದು ಹೇಳಬಲ್ಲವರು ಆ ಕೋಣೆಯಲ್ಲಿ ಬಹುಶಃ ಮಾಮಿ ಒಬ್ಬರೇ.

ಹಾಗಾದರೆ ಅವರನ್ನು ಒಟ್ಟಿಗೆ ಕೂರಿಸಿದ್ದು ಏನು? ‘ಒಂದೇ ನಂಬಿಕೆ’ ಅನ್ನುತ್ತೇವೆ. ನಂಬಿಕೆ ಒಂದಾಗಿರಲಿಲ್ಲ, ಗುರುವಾರ ಒಂದಾಗಿತ್ತು. ಅದೇ ಗಂಟೆ, ಅದೇ ಚಾಪೆ, ಅದೇ ಕ್ರಮ. ಮೊದಲು ಗಣಪತಿ, ಆಮೇಲೆ ಗುರುಸ್ತುತಿ, ನಡುವೆ ದಾಸರ ಪದ, ಕೊನೆಗೆ ಮಂಗಳ.

ಎಂ.ಟೆಕ್ ಓದುವಾಗ ನಮಗೊಂದು ಹ್ಯುಮಾನಿಟೀಸ್ ಪೇಪರ್ ಇತ್ತು. ಕಾಟಾಚಾರಕ್ಕೆ ಓದಿದ್ದರಲ್ಲಿ ನೆನಪುಳಿದದ್ದು ಎಮಿಲ್ ಡರ್ಕ್‌ಹೈಮ್. ರಬ್ಬಿಯೊಬ್ಬರ ಮಗ, ಸ್ವತಃ ನಂಬಿಕೆಯಿಲ್ಲದವ. 1912ರಲ್ಲಿ ಧರ್ಮದ ಬಗ್ಗೆ ದೊಡ್ಡ ಪುಸ್ತಕ ಬರೆದ. ಪವಿತ್ರವೆಂದು ಬೇರೆ ಇಟ್ಟ ವಸ್ತುಗಳ ಸುತ್ತ ಜನ ಒಟ್ಟಿಗೆ ನಂಬುವುದು, ಒಟ್ಟಿಗೆ ಮಾಡುವುದು, ಹಾಗೆ ಮಾಡುತ್ತಾ ಒಂದು ಸಮುದಾಯವಾಗುವುದು, ಅದೇ ಧರ್ಮ ಎಂಬುದು ಅವನ ವಾದ. ಇನ್ನೊಂದು ಪುಸ್ತಕ ಇತ್ತೀಚಿನದು. ರಾಬರ್ಟ್ ಪುಟ್ನಮ್ ಮತ್ತು ಡೇವಿಡ್ ಕ್ಯಾಂಪ್‌ಬೆಲ್ 2010ರಲ್ಲಿ ಅಮೆರಿಕದ ಧಾರ್ಮಿಕ ಬದುಕಿನ ಬಗ್ಗೆ ಬರೆದದ್ದು. ವಾರವಾರ ಚರ್ಚಿಗೆ ಹೋಗುವವರು ನೆರೆಹೊರೆಗೆ ಹೆಚ್ಚು ನೆರವಾಗುತ್ತಾರೆ ಎಂದು ಅವರಿಗೆ ಕಂಡುಬಂತು. ಆದರೆ ಕಾರಣ ಹುಡುಕಿದಾಗ ಅದು ದೇವರ ಬಗ್ಗೆ ಅವರು ಏನು ನಂಬುತ್ತಾರೆ ಎನ್ನುವುದರಲ್ಲಿ ಸಿಗಲಿಲ್ಲ. ಅಲ್ಲಿ ಅವರಿಗೆ ಎಷ್ಟು ಸ್ನೇಹಿತರಿದ್ದಾರೆ ಎನ್ನುವುದರಲ್ಲಿ ಸಿಕ್ಕಿತು. ಮನೆಯಲ್ಲಿ ಒಬ್ಬನೇ ಕೂತು ಪ್ರಾರ್ಥಿಸುವ ಪರಮ ಭಕ್ತನಿಗಿಂತ, ಹೆಂಡತಿಯ ಜೊತೆ ಸುಮ್ಮನೆ ಚರ್ಚಿಗೆ ಬಂದು ನಾಲ್ಕು ಜನರ ಸ್ನೇಹ ಮಾಡಿಕೊಂಡ ನಾಸ್ತಿಕನೇ ಹೆಚ್ಚು ಕೈಜೋಡಿಸಿಯಾನು.

ಇದು ಪುಸ್ತಕದ ಮಾತು ಎಂದುಕೊಂಡು ಸುಮ್ಮನಿದ್ದೆ. 2023ರ ಡಿಸೆಂಬರ್ ಬಂತು.

ಮಿಚಾಂಗ್ ಚಂಡಮಾರುತ ನಿಮಗೆ ನೆನಪಿರಬಹುದು. ಆ ವಾರ ನಾನು ಕೆಲಸದ ಮೇಲೆ ಗುರ್‌ಗಾಂವ್‌ನಲ್ಲಿದ್ದೆ. ಹೆಂಡತಿ, ಮಗಳು ಒಂದು ಮದುವೆಗೆಂದು ಬೆಂಗಳೂರಿಗೆ ಹೋಗಿದ್ದರು. ಅವ್ವ ಒಬ್ಬಳೇ. ಎರಡೇ ದಿನ ತಾನೇ ಅಂದುಕೊಂಡಿದ್ದೆವು. ಡಿಸೆಂಬರ್ 4, ಸೋಮವಾರ, ಬೆಳಗಿನಿಂದ ಅವ್ವನ ಫೋನ್ ಹತ್ತಲಿಲ್ಲ. ಏರ್‌ಪೋರ್ಟ್ ಮುಚ್ಚಿತ್ತು, ರೈಲುಗಳು ರದ್ದಾಗಿದ್ದವು. ಟಿವಿಯಲ್ಲಿ ತಾಂಬರಂ, ಮುಡಿಚೂರು, ಪಳ್ಳಿಕರಣೈ ಕಡೆಯ ದೃಶ್ಯಗಳು ಓಡುತ್ತಿದ್ದವು. ಕಾರುಗಳು ಕಾಗದದ ದೋಣಿಗಳಂತೆ ತೇಲುತ್ತಿದ್ದವು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ 62 ಜನರಿದ್ದಾರೆ. ಪಾರ್ಕಿಂಗ್ ಜಗಳಕ್ಕೆ ಎಲ್ಲರೂ ಹಾಜರು. ಆ ದಿನ ಕರೆಂಟಿಲ್ಲ, ಸಿಗ್ನಲ್ ಇಲ್ಲ, ಅಲ್ಲಿ ಯಾರೂ ಇಲ್ಲ. ಅವ್ವನಿಗೆ ಶುಗರ್, ದಿನಕ್ಕೆರಡು ಸಲ ಇನ್ಸುಲಿನ್. ಫ್ರಿಜ್ ನಿಂತರೆ ಇನ್ಸುಲಿನ್ ಏನಾಗುತ್ತದೆ? ರಾತ್ರಿಯೆಲ್ಲ ಹೋಟೆಲ್ ಕೋಣೆಯಲ್ಲಿ ಅದನ್ನೇ ಯೋಚಿಸಿದೆ.

ಮಂಗಳವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅವ್ವ. “ಏನೂ ಆಗಿಲ್ಲಪ, ನೀ ಹೆದರಬ್ಯಾಡ. ಮಾಮಿ ಮನ್ಯಾಗ ಅದೀನಿ.” ಫೋನ್ ಪೂಕ್ಕಾರಮ್ಮನ ಮಗನದು. ಅವನು ಮೊಣಕಾಲು ಮಟ್ಟದ ನೀರಿನಲ್ಲಿ ನಡೆದು, ಸಿಗ್ನಲ್ ಸಿಗುವ ಜಾಗ ಹುಡುಕಿ ನನಗೆ ನಂಬರ್ ಹಚ್ಚಿ, ಒಂದು ನಿಮಿಷ ಕಾಲ್ ನಿಂತಿದ್ದರೆ ಸಾಕೆಂದು ಓಡಿಬಂದು ಅವ್ವನ ಕೈಗೆ ಕೊಟ್ಟಿದ್ದನಂತೆ.

ಆಮೇಲೆ ಪೂರ್ತಿ ಕಥೆ ಗೊತ್ತಾಯಿತು. ಹಿಂದಿನ ಗುರುವಾರ ಅವ್ವ ಮಾತಿನ ನಡುವೆ “ಸೋಮವಾರ ಮನ್ಯಾಗ ನಾ ಒಬ್ಬಾಕಿನೇ” ಅಂದಿದ್ದಳು. ಸೋಮವಾರ ನಸುಕಿನಲ್ಲೇ ಕರೆಂಟ್ ಹೋದಾಗ ಮಾಮಿಗೆ ಆ ಮಾತು ನೆನಪಾಗಿದೆ. ಎಪ್ಪತ್ತೆರಡರ ಮಾಮಿ ಲಿಫ್ಟಿಲ್ಲದೆ ಕತ್ತಲೆಯಲ್ಲಿ ಮೆಟ್ಟಿಲಿಳಿದು ಬಂದು ಅವ್ವನನ್ನು ಮೇಲೆ ಕರೆದೊಯ್ದಿದ್ದಾರೆ. ಇನ್ಸುಲಿನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ಇಳಿಬಿಟ್ಟಿದ್ದಾರೆ. ವಿಜಯವಾಡದವರು ಹಾಲಿನ ಪುಡಿ ಕಳಿಸಿದ್ದಾರೆ. ಎರಡು ರಾತ್ರಿ ಎಣ್ಣೆದೀಪ ಹಚ್ಚಿಕೊಂಡು ಇಬ್ಬರೂ ಹಾಡಿದ್ದಾರೆ. “ಸೋಮವಾರನೂ ಗುರುವಾರನೇ ಆತು ನೋಡು” ಅಂದಳು ಅವ್ವ.

ಆ ನೀರಿನಲ್ಲಿ ಸಹಾಯ ಮಾಡಿದವರು ಬೇಕಾದಷ್ಟು ಜನ. ಈ ನಗರ ಅದಕ್ಕೆ ಹೆಸರಾದದ್ದೇ. 2015ರ ಪ್ರಳಯದಲ್ಲಿ ಮಸೀದಿ, ಚರ್ಚು, ಕಲ್ಯಾಣಮಂಟಪಗಳು ಬಾಗಿಲು ತೆರೆದು ಯಾರು ಬಂದರೂ ಅನ್ನ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಅವ್ವ ಒಬ್ಬಳೇ ಇದ್ದಾಳೆಂದು ಗೊತ್ತಿರಬೇಕಲ್ಲ? ಅದು ಗೊತ್ತಿದ್ದದ್ದು ವಾರಕ್ಕೊಮ್ಮೆ ಪಕ್ಕದಲ್ಲಿ ಕೂರುವವರಿಗೆ ಮಾತ್ರ. ಬಂದವರನ್ನು ಯಾರಾದರೂ ಗಮನಿಸುತ್ತಾರೆ. “ಅವ್ವ ಯಾಕೆ ಬಂದಿಲ್ಲ?” ಎಂದು ಬಾರದವರನ್ನು ಗಮನಿಸಬೇಕಾದರೆ ಅಲ್ಲೊಂದು ಖಾಯಂ ಜಾಗ ಇರಬೇಕು.

ಕಥೆ ಇಲ್ಲಿಗೆ ನಿಲ್ಲಿಸಿದರೆ ಎಲ್ಲರಿಗೂ ಹಿತ. ಆದರೆ ಪೂರ್ತಿ ಹೇಳಿದಂತಾಗುವುದಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ರಾಯರ ಆರಾಧನೆ ಬಂತು. ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆ ಎಂದು ಮೂರು ದಿನ. ಮಧ್ಯಾರಾಧನೆಯ ದಿನ ನಗರದ ಒಂದು ಕಡೆ ಮಂಡಳಿಯವರಿಗೆ ಭಜನೆ ಸೇವೆಗೆ ಕರೆ ಬಂದಿತ್ತು. ಎಲ್ಲಿ ಎಂದು ಬರೆಯುವುದಿಲ್ಲ, ಅದು ಮುಖ್ಯವೂ ಅಲ್ಲ. ಅವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ನಾನೇ ಕಾರಿನಲ್ಲಿ ನಾಲ್ವರನ್ನು ಕರೆದುಕೊಂಡು ಹೋಗಿದ್ದೆ. ಮುಕ್ಕಾಲು ಗಂಟೆ ಹಾಡಿದರು. ಕೊನೆಯದು ಕನಕದಾಸರ ಪದ, ಅವ್ವನೇ ಎತ್ತಿಕೊಂಡದ್ದು. ಕೇಳುತ್ತಿದ್ದವರು ತಲೆದೂಗಿದರು. ಮಂತ್ರಾಕ್ಷತೆ ಕೊಟ್ಟರು. ನಂತರ ಊಟಕ್ಕೆ ಎಲೆ ಹಾಕಿದರು.

ಮಂಡಳಿಯವರು ಒಂದು ಸಾಲಿನಲ್ಲಿ ಕೂತರು. ಬಡಿಸಲು ನಿಂತಿದ್ದ ಹುಡುಗ, ಇಪ್ಪತ್ತೈದಿರಬಹುದು, ಬಗ್ಗಿ ವಿನಯದಿಂದಲೇ ಅವ್ವನ ಗೋತ್ರ ಕೇಳಿದ. ಅವ್ವ ನಿಜ ಹೇಳಿದಳು. ಪೂಕ್ಕಾರಮ್ಮನನ್ನು ಕೇಳುವ ಅಗತ್ಯವೇ ಅವನಿಗೆ ಕಾಣಲಿಲ್ಲ. “ನಿಮಗೆ ಆ ಕಡೆ ಹಾಲ್‌ನಲ್ಲಿ ಹಾಕಿದೆ, ಅಮ್ಮ” ಅಂದ. ಅವ್ವ ಎದ್ದಳು. ಪೂಕ್ಕಾರಮ್ಮ ಎದ್ದರು. ಇನ್ನಿಬ್ಬರು ತಾವಾಗಿಯೇ ಎದ್ದರು. ಮಾಮಿ ಏಳಲಿಲ್ಲ. ಎಲೆಯ ಮೇಲೆ ಪರಿಷೇಚನೆಯ ನೀರು ಹಿಡಿದ ಕೈ ಹಾಗೇ ನಿಂತದ್ದನ್ನು ನಾನು ಬಾಗಿಲಿನಿಂದ ನೋಡಿದೆ.

ಆ ಕಡೆಯ ಹಾಲಿನಲ್ಲೂ ಅದೇ ಸಾರು, ಅದೇ ಪಾಯಸ. ಅವ್ವ ಪೂರ್ತಿ ಉಂಡಳು. ಪ್ರಸಾದ ಬಿಡಬಾರದು ಅಂತ. ನನಗೆ ಗಂಟಲಲ್ಲಿ ಇಳಿಯಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಗಿಂಡಿ ದಾಟಿದ ಮೇಲೆ ನಾನೇ ಏನೋ ಸಿಟ್ಟಿನಲ್ಲಿ ಅಂದೆ. ಅವ್ವ ತಡೆದಳು. “ರಾಯರು ಏನೂ ಅಂದಿಲ್ಲಪ. ಬಡಿಸಾವ ಅಂದಾನ.”

ಹಾಗೆ ಅಂದವಳು ಮುಂದಿನ ಮೂರು ಗುರುವಾರ ಭಜನೆಗೆ ಹೋಗಲಿಲ್ಲ. ಮೊಣಕಾಲು ನೋವು ಅಂದಳು. ಒಪ್ಪತ್ತು ಬಿಡಲಿಲ್ಲ. ಮನೆಯಲ್ಲಿ ದೀಪ ಹಚ್ಚಿ ಬಾಲ್ಕನಿಯಲ್ಲಿ ಕೂತಳು. ಮತ್ತೆ ನೀರಿನ ಲಾರಿ.

ಆಗ ನನಗೆ ಡರ್ಕ್‌ಹೈಮನ ವಾದದ ಇನ್ನೊಂದು ಮಗ್ಗುಲು ಹೊಳೆಯಿತು. ಪವಿತ್ರವೆಂದರೆ ಬೇರೆ ಇಟ್ಟದ್ದು ಅಂದಿದ್ದನಲ್ಲ? ಒಟ್ಟುಗೂಡಿಸುವುದೂ ಬೇರೆ ಇಡುವುದೂ ಒಂದೇ ಕೈಯ ಕೆಲಸ. ಜಿಎಸ್‌ಟಿ ರಸ್ತೆಯಲ್ಲಿ ಮೇಲ್ಮರುವತ್ತೂರಿಗೆ ಕೆಂಪು ಸೀರೆಯ ಹೆಂಗಸರನ್ನು ತುಂಬಿಕೊಂಡ ಬಸ್ಸುಗಳು ಹೋಗುತ್ತವೆ. ಅವರು ಒಬ್ಬರನ್ನೊಬ್ಬರು ‘ಶಕ್ತಿ’ ಎಂದೇ ಕರೆಯುವುದು. ಮಾಲೆ ಹಾಕಿದ ಅಯ್ಯಪ್ಪ ಭಕ್ತರಲ್ಲಿ ಮ್ಯಾನೇಜರನೂ ಸಾಮಿ, ಡ್ರೈವರನೂ ಸಾಮಿ. ನಲವತ್ತೊಂದು ದಿನ ಹೆಸರು ಜಾತಿ ಎರಡೂ ಅಳಿಸುತ್ತವೆ. ಮಾಲೆ ತೆಗೆದ ಮರುದಿನ ಎರಡೂ ವಾಪಸ್ ಬರುತ್ತವೆ. ಒಟ್ಟಿಗೆ ಹಾಡುವುದು, ಒಟ್ಟಿಗೆ ನಡೆಯುವುದು ಸುಲಭ. ಊಟದ ಪಂಕ್ತಿ ಬಂದಾಗ ಯಾರು ಎಷ್ಟು ನಮ್ಮವರು ಎನ್ನುವುದು ಗೊತ್ತಾಗುತ್ತದೆ.

ಇದನ್ನು ನಮ್ಮ ಹಿರಿಯರು ಅರಿಯದೆ ಇರಲಿಲ್ಲ. ಉಡುಪಿಯಲ್ಲಿ ಕನಕನ ಕಿಂಡಿ ಇದೆ. ದೇವರೇ ತಿರುಗಿ ದರ್ಶನ ಕೊಟ್ಟ ಎನ್ನುವ ಕಥೆಯನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಕನಕ ಹೊರಗೆ ಯಾಕೆ ನಿಂತಿದ್ದ ಎನ್ನುವುದನ್ನು ಬೇಗ ಬೇಗ ದಾಟಿಸುತ್ತೇವೆ. ಹನ್ನೆರಡನೇ ಶತಮಾನದ ಶರಣರು ದಾಸೋಹವನ್ನು ಧರ್ಮದ ನಡುಮಧ್ಯಕ್ಕೆ ತಂದರು. ಸಿಖ್ಖರು ಗುರುದ್ವಾರದಲ್ಲಿ ಉಣ್ಣಲು ಕೂರುವ ಸಾಲಿಗೆ ‘ಪಂಗತ್’ ಅನ್ನುತ್ತಾರೆ. ನಮ್ಮ ಪಂಕ್ತಿಯೇ ಅದು. ಆದರೆ ಅಲ್ಲಿ ಆ ಪದಕ್ಕೆ ಅರ್ಥ ಯಾರೂ ಯಾರ ಪಕ್ಕವಾದರೂ ಕೂರುವ ಸಾಲು. ಅಪ್ಪ ಇದ್ದಾಗ ನಾವು ಬೀದರಿನ ಗುರುನಾನಕ್ ಝೀರಾದಲ್ಲಿ ಹಾಗೆ ಕೂತು ಉಂಡಿದ್ದೆವು. ಇನ್ನು ರಾಯರು ಹುಟ್ಟಿದ ಭುವನಗಿರಿಯ ಕಡಲೂರು ಜಿಲ್ಲೆಯಲ್ಲೇ ವಡಲೂರು ಇದೆ. 1867ರಲ್ಲಿ ವಳ್ಳಲಾರ್ ರಾಮಲಿಂಗ ಸ್ವಾಮಿಗಳು ಅಲ್ಲಿ ಧರ್ಮಶಾಲೆ ತೆರೆದು ಒಲೆ ಹಚ್ಚಿದರು. ಹಸಿದು ಬಂದವರ ಜಾತಿ ಕೇಳದೆ ಬಡಿಸುವ ಆ ಒಲೆ ಇಂದಿಗೂ ಉರಿಯುತ್ತಿದೆ.

ನಾಲ್ಕನೇ ಗುರುವಾರ ಮಧ್ಯಾಹ್ನ ಬೆಲ್ ಆಯಿತು. ನಾನು ವರ್ಕ್ ಫ್ರಂ ಹೋಮ್‌ನಲ್ಲಿದ್ದೆ. ಮಾಮಿ ಒಬ್ಬರೇ ಬಂದಿದ್ದರು. ಕೈಯಲ್ಲಿ ನೋಟ್‌ಬುಕ್. ಒಂದು ವಿಷಯ ಇಲ್ಲಿ ಹೇಳಬೇಕು. ಮೂರು ವರ್ಷದಲ್ಲಿ ಮಾಮಿ ನಮ್ಮ ಮನೆಗೆ ಎಷ್ಟೋ ಸಲ ಬಂದಿದ್ದರು. ಬಾಳೆಹಣ್ಣು ತಿಂದಿದ್ದಾರೆ, ಹಾಲು ಕುಡಿದಿದ್ದಾರೆ. ಬೇಯಿಸಿದ್ದು ಒಂದು ತುತ್ತೂ ಮುಟ್ಟಿರಲಿಲ್ಲ. ಅವ್ವ ಕೇಳಿಯೂ ಇರಲಿಲ್ಲ. ಮಿಚಾಂಗ್‌ನ ಎರಡು ದಿನ ಅವ್ವ ಮಾಮಿಯ ಮನೆಯಲ್ಲಿ ಉಂಡಿದ್ದಳು. ತಿರುಗಿ ಉಣ್ಣಿಸುವ ಮಾತು ಇಬ್ಬರ ನಡುವೆ ಎಂದೂ ಬಂದಿರಲಿಲ್ಲ.

ಮಾಮಿ ಕೂತು ಸ್ವಲ್ಪ ಹೊತ್ತು ಪುಸ್ತಕ ತಿರುವಿದರು. ಆಮೇಲೆ ತಮ್ಮ ಅರ್ಧ ತಮಿಳಿನಲ್ಲಿ, ಅವತ್ತು ನಾನು ಏಳಬೇಕಿತ್ತು, ಏಳಲಿಲ್ಲ ಅಂದರು. ಅಷ್ಟೇ. ಕ್ಷಮೆ ಎಂಬ ಪದ ಬರಲಿಲ್ಲ. ಅವ್ವ ಏನೂ ಅನ್ನಲಿಲ್ಲ. ಅಡುಗೆಮನೆ ಕಡೆ ನೋಡಿ ಮಾಮಿ ಕೇಳಿದರು: “ಅವ್ವಾ, ರೊಟ್ಟಿ ಇದೆಯಾ?” ಅವ್ವನ ಒಪ್ಪತ್ತಿನ ರೊಟ್ಟಿ, ಬೆಳಗ್ಗೆ ಬಡಿದದ್ದು, ಬುಟ್ಟಿಯಲ್ಲಿತ್ತು. ಒಂದು ಜೋಳದ ರೊಟ್ಟಿ ಮುರಿದು ಅರ್ಧ ಮಾಮಿಗೆ, ಅರ್ಧ ತನಗೆ. ಮೇಲೆ ಶೇಂಗಾ ಪುಡಿ, ಮೊಸರು. ಎಪ್ಪತ್ತು ವರ್ಷದ ರೂಢಿ ದಾಟಿ ಬಂದ ಮಾಮಿಗೆ ಆ ಗಟ್ಟಿ ರೊಟ್ಟಿ ಜಗಿಯಲು ಹತ್ತು ನಿಮಿಷ ಬೇಕಾಯಿತು. ನಾನು ಕಾಲ್ ಮ್ಯೂಟ್ ಮಾಡಿ ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿದ್ದೆ. ಐದು ಗಂಟೆಗೆ ಇಬ್ಬರೂ ಭಜನೆಗೆ ಹೋದರು.

ಇದರಿಂದ ಲೋಕ ಬದಲಾಯಿತು ಎಂದು ನಾನು ಹೇಳುತ್ತಿಲ್ಲ. ಮಾಮಿ ಈಗಲೂ ಏಕಾದಶಿಗೆ ನೀರೂ ಮುಟ್ಟುವುದಿಲ್ಲ, ಹಬ್ಬದ ಮಡಿ ಬಿಡುವುದಿಲ್ಲ. ಅದು ಅವರ ನಂಬಿಕೆ, ಅವ್ವ ಅದನ್ನು ಗೌರವಿಸುತ್ತಾಳೆ. ಆ ಹಾಲಿನಲ್ಲಿ ಎರಡು ಸಾಲು ಈಗಲೂ ಇರಬಹುದು. ಮಂಡಳಿಯಲ್ಲಿ ಇಬ್ಬರು ಅವತ್ತಿನದು ದೊಡ್ಡ ವಿಷಯವೇ ಅಲ್ಲ ಅನ್ನುತ್ತಾರೆ. ನನಗೆ ಅಲ್ಲಿ ಹೋಗಿ ಜಗಳವಾಡಬೇಕಿತ್ತು ಎಂದು ಇಂದಿಗೂ ಅನಿಸುತ್ತದೆ. ಬಾಗಿಲಲ್ಲಿ ನಿಂತು ನೋಡಿದವನು ನಾನೂ ತಾನೇ? ಮಾಮಿ ತಾನು ಏಳಲಿಲ್ಲ ಎಂದು ಬಂದು ಹೇಳಿದರು. ನಾನು ಬಾಯಿ ತೆರೆಯಲಿಲ್ಲ ಎಂಬುದನ್ನು ಅವ್ವನ ಎದುರು ಇನ್ನೂ ಹೇಳಿಲ್ಲ. ಈ ಅಂಕಣವನ್ನು ಓದಿ ಹೇಳುವಾಗ ಆ ಕೆಲಸ ಆಗಬಹುದು.

ಮೆಟ್ರೋಗಳಲ್ಲಿ ಬದುಕುವ ನಮ್ಮಂಥವರಿಗೆ ಇಂಥ ಗುರುವಾರಗಳು ಬೇಕೇ ಬೇಕು. ಅದು ರಾಯರ ಭಜನೆಯೇ ಆಗಬೇಕೆಂದಿಲ್ಲ. ಶುಕ್ರವಾರದ ನಮಾಜು, ಭಾನುವಾರದ ಚರ್ಚು, ಸೋಮವಾರದ ವಚನಗೋಷ್ಠಿ, ಯಾವುದಾದರೂ ಆಗಲಿ. ಊರಿನಿಂದ ತಂದೆತಾಯಿಯನ್ನು ಕರೆತಂದವರು ಟಿವಿ ಪ್ಯಾಕ್ ಹಾಕಿಸುವ ಮೊದಲು ಅಂಥದ್ದೊಂದು ಚಾಪೆ ಹತ್ತಿರದಲ್ಲಿದೆಯೇ ಎಂದು ಹುಡುಕಿ. ಸಿಕ್ಕಿದರೆ, ಅಲ್ಲಿ ಊಟದ ಹೊತ್ತಿಗೆ ಯಾರು ಯಾರ ಪಕ್ಕ ಕೂರುತ್ತಾರೆ ಎಂದೂ ನೋಡಿಕೊಳ್ಳಿ.

ಈ ಸಲದ ಆರಾಧನೆಗೆ ಇನ್ನು ಮೂರು ವಾರ. ಮಂಡಳಿಯವರು ತೀರ್ಮಾನ ಮಾಡಿದ್ದಾರೆ. ಭಜನೆ ಸೇವೆಗೆ ಯಾರು ಕರೆದರೂ ಹೋಗುವುದು, ಹಾಡುವುದು, ಮಂತ್ರಾಕ್ಷತೆ ತೆಗೆದುಕೊಳ್ಳುವುದು. ಊಟ ಮಾತ್ರ ಎಲ್ಲರೂ ಕ್ರೋಂಪೇಟೆಗೆ ವಾಪಸ್ ಬಂದು, ನಮ್ಮ ಮನೆಯಲ್ಲಿ. ಅಡುಗೆ ಮಾಮಿ ಮತ್ತು ಅವ್ವ ಸೇರಿ ಮಾಡುತ್ತಾರೆ. ಬಾಳೆಎಲೆ ಪೂಕ್ಕಾರಮ್ಮನ ಲೆಕ್ಕ, ದುಡ್ಡು ಬೇಡವಂತೆ. ಸೋಫಾ, ಟೀಪಾಯಿ ಎತ್ತಿ ಒಳಗಿಟ್ಟು, ಹಾಲಿನ ಉದ್ದಕ್ಕೆ ಒಂದೇ ಸಾಲಿನಲ್ಲಿ ಹದಿನಾಲ್ಕು ಎಲೆ ಹಿಡಿಯುತ್ತದೆಯೇ ಎಂದು ನಿನ್ನೆ ಅಳೆದು ನೋಡಿದೆ. ಹನ್ನೊಂದು ಹಿಡಿಯುತ್ತದೆ. ಉಳಿದ ಮೂರು ಎಲೆಗೆ ಬಾಲ್ಕನಿಯ ಬಾಗಿಲು ತೆಗೆಯಬೇಕು.